ಆರು ಮಳೆಗಾಲ ಮೂಲೆ ಹಿಡಿದ ಆಫ್‌ರೋಡ್ ಬೈಕನ್ನು ಮತ್ತೆ ಚಾಲೂ ಮಾಡುವುದು ಹೇಗೆ

ನಮ್ಮ ಸೋದರಮಾವನ ಮನೆ ಖಾನಾಪುರದ ಕಡೆ. ಅಲ್ಲಿ ಮಳೆ ಹಿಡಿದರೆ ಒಗೆದ ಬಟ್ಟೆ ವಾರವಾದರೂ ಒಣಗಲ್ಲ. ಅಂಥ ಊರಲ್ಲಿ, ಹಿತ್ತಲಿನ ಪತ್ರಾ ಶೆಡ್ಡಿನಲ್ಲಿ, ಕಟ್ಟಿಗೆ ರಾಶಿಗೆ ಒರಗಿಕೊಂಡು ಮಾಮಾನ ಹೀರೊ ಇಂಪಲ್ಸ್ ಆರು ಮಳೆಗಾಲ ನಿಂತಿತ್ತು. ಹೀರೊ ಮತ್ತು ಹೋಂಡಾ ಬೇರೆಯಾದ ಹೊಸದರಲ್ಲಿ, 2011ರಲ್ಲಿ ಬಂದ 150 ಸಿಸಿ ಗಾಡಿ ಅದು. ಎತ್ತರದ ಸೀಟು, ಮುಂದೆ 19 ಇಂಚಿನ ಸ್ಪೋಕ್ ಚಕ್ರ, ಹಿಂದೆ 17. ಆಗ ನಮ್ಮಲ್ಲಿ ಜಾಸ್ತಿ ಜನ ಕೊಳ್ಳಲಿಲ್ಲ. ಈಗ ಹುಡುಕಿದರೂ ಒಳ್ಳೆಯದು ಸಿಗಲ್ಲ.

“ಏ ಅಳಿಯಾ, ನೀನ ಒಯ್ಯಪಾ. ಇಲ್ಲಾಂದ್ರ ಇಲಿ ತಿಂದ ಮುಗಸ್ತಾವು” ಅಂದರು ಮಾಮಾ, ಪುಣೆಯಿಂದ ಫೋನಿನಲ್ಲಿ. ಟೆಂಪೊದಲ್ಲಿ ಹಾಕಿಕೊಂಡು ಬೆಳಗಾವಿಗೆ ತಂದೆ. ಇಳಿಸುತ್ತಿದ್ದ ಹಾಗೇ ಪಕ್ಕದ ಮನೆ ಕಾಕಾ ಬಂದು ನಿಂತರು. “ಇಳಿಜಾರಿನ್ಯಾಗ ದಬ್ಬಿ ಸೆಕೆಂಡ್ ಗೇರ್ ಹಾಕು. ಚಾಲೂ ಆಗ್ತೈತಿ.”

ಕಾಕಾಗೆ ಚಹಾ ಕೊಟ್ಟು ಮಾತು ಬದಲಿಸಿದೆ. ಯಾಕಂದರೆ ಹಿಂದೆ ಅಪ್ಪನ ಹಳೆ ಬೈಕಿಗೆ ನಾನು ಅದನ್ನೇ ಮಾಡಿದ್ದೆ. ಗಾಡಿ ಚಾಲೂ ಆಯಿತು, ಖುಷಿಯೂ ಆಯಿತು. ಹದಿನೈದು ದಿನದಲ್ಲಿ ನೀಲಿ ಹೊಗೆ ಬಿಡಲು ಶುರು ಮಾಡಿತು. ಒಣಗಿದ ಸಿಲಿಂಡರ್ ಗೋಡೆ ಮೇಲಿನ ತುಕ್ಕನ್ನು ಪಿಸ್ಟನ್ ರಿಂಗು ಕೆರೆದಿತ್ತು. ಸಿಲಿಂಡರನ್ನು ಕೊರೆಸಿ ಬೋರ್ ಮಾಡಿಸಬೇಕಾಯಿತು. ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನಾಲ್ಕು ಹನಿ ಆಯಿಲ್ ಬಿಟ್ಟಿದ್ದರೆ ಉಳಿಯುತ್ತಿದ್ದ ದುಡ್ಡು.

ಅದಕ್ಕೇ ಹೇಳುವುದು: ಗಾಡಿ ಮನೆಗೆ ಬಂದ ದಿನ ಸೆಲ್ಫ್ ಬಟನ್ ಮುಟ್ಟಬೇಡಿ, ದಬ್ಬಬೇಡಿ. ನಿಂತ ಗಾಡಿ ಕೆಡುವುದು ತೇವದಿಂದ ಮತ್ತು ಹಳೆ ಪೆಟ್ರೋಲಿನಿಂದ. ಇವೆರಡು ಎಲ್ಲೆಲ್ಲಿ ಕೂತಿವೆಯೋ ಅಲ್ಲೆಲ್ಲ ಕೈ ಹಾಕಿ ಬಂದ ಮೇಲೆ ಚಾಲೂ ಮಾಡುವುದು. ಕೆಲಸ ಕಷ್ಟದ್ದಲ್ಲ. ಎರಡು ಮೂರು ರವಿವಾರ ಬೇಕು, ಅಷ್ಟೇ.

ಮೊದಲು ಕಾಗದಪತ್ರ

ಇದನ್ನು ಮೊದಲೇ ನೋಡಿಕೊಳ್ಳಿ. ಖಾಸಗಿ ಬೈಕಿನ ಆರ್‌ಸಿ ನೋಂದಣಿಯಿಂದ 15 ವರ್ಷ ನಡೆಯುತ್ತದೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2011, 2012ರ ಗಾಡಿಗಳಿಗೆ ಆ ಸಮಯ ಬಂದೇ ಬಿಟ್ಟಿದೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲದೆ ರಸ್ತೆಗೆ ಇಳಿಸುವ ಹಾಗಿಲ್ಲ. ಫ್ರೇಮಿನಲ್ಲಿ ಕೆತ್ತಿದ ಚಾಸಿಸ್ ನಂಬರ್ ಮೇಲಿನ ತುಕ್ಕನ್ನು ಬಟ್ಟೆಯಿಂದ ಒರೆಸಿ, ಆರ್‌ಸಿಯಲ್ಲಿರುವ ನಂಬರಿಗೆ ತಾಳೆ ನೋಡಿ. ಹೊರಗಿನವರಿಂದ ಕೊಳ್ಳುತ್ತಿದ್ದರೆ ದುಡ್ಡು ಕೊಡುವ ಮುಂಚೆ ಇದನ್ನು ಮಾಡಿ.

ಸುತ್ತಲೂ ನೋಡುವುದು

ಸೀಟು ಬಿಚ್ಚಿ. ಪಕ್ಕದ ಪ್ಯಾನೆಲ್ ಬಿಚ್ಚಿ. ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಯಾವ ವೈರು ಯಾವುದರ ಕೆಳಗಿನಿಂದ ಹೋಗಿತ್ತು ಅನ್ನುವುದು ಮೂರನೇ ದಿನಕ್ಕೆ ನೆನಪಿರಲ್ಲ.

ನಮ್ಮ ಗಾಡಿಯ ಏರ್ ಫಿಲ್ಟರ್ ಡಬ್ಬಿ ತೆಗೆದರೆ ಒಳಗೆ ಇಲಿಯ ಸಂಸಾರವೇ ಇತ್ತು. ಗೋಣಿ ನಾರು, ಭತ್ತದ ಹೊಟ್ಟು, ಹರಿದ ಪ್ಲಾಸ್ಟಿಕ್ಕು. ಫಿಲ್ಟರನ್ನು ಅರ್ಧ ತಿಂದಿದ್ದವು. ಅವತ್ತು ದಬ್ಬಿ ಚಾಲೂ ಮಾಡಿದ್ದರೆ ಆ ಹೊಟ್ಟೆಲ್ಲ ಎಂಜಿನ್ನಿಗೆ ಹೋಗುತ್ತಿತ್ತು. ಸೈಲೆನ್ಸರ್ ಬಾಯಿಯಲ್ಲೂ ಟಾರ್ಚ್ ಬಿಟ್ಟು ನೋಡಿ. ಕಣಜ ಅಲ್ಲಿ ಮಣ್ಣಿನ ಗೂಡು ಕಟ್ಟಿರುತ್ತದೆ, ಉದ್ದ ತಂತಿಯಿಂದ ಕೆರೆದು ತೆಗೆಯಬೇಕು. ಇಲಿ ಇದ್ದ ಕಡೆ ವೈರೂ ಕಡಿದಿರುತ್ತದೆ. ಹೆಡ್‌ಲೈಟ್ ಹಿಂದೆ ಮತ್ತು ಟ್ಯಾಂಕಿನ ಕೆಳಗೆ ಬೆರಳಾಡಿಸಿ ನೋಡಿ. ತಾಮ್ರ ಕಂಡಲ್ಲಿ ಟೇಪು ಸುತ್ತಿ ಬಿಡಬೇಡಿ, ಕತ್ತರಿಸಿ ಬೆಸುಗೆ ಹಾಕಿಸಿ.

ಆಮೇಲೆ ತೊಳೆಯಿರಿ. ಸೈಲೆನ್ಸರಿಗೆ ಮತ್ತು ಗಾಳಿ ಎಳೆಯುವ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಬಕೆಟ್ ನೀರು ಮತ್ತು ಬ್ರಶ್ಶಿನಿಂದ. ಸರ್ವಿಸ್ ಸ್ಟೇಷನ್ನಿನ ಜೋರು ಪೈಪು ಬೇಡ. ಗ್ರೀಸು ಒಣಗಿದ ಬೇರಿಂಗಿನೊಳಗೆ ಅದು ನೀರು ನುಗ್ಗಿಸುತ್ತದೆ.

ಎಂಜಿನ್ ತಿರುಗುತ್ತಾ?

ಸ್ಪಾರ್ಕ್ ಪ್ಲಗ್ ಬಿಚ್ಚುವ ಮೊದಲು ಅದರ ಸುತ್ತಲಿನ ಗುಂಡಿಯನ್ನು ಗಾಳಿ ಹೊಡೆದು ಸ್ವಚ್ಛ ಮಾಡಿ. ಪಂಕ್ಚರ್ ಅಂಗಡಿಯಿಂದ ಸೈಕಲ್ ಪಂಪು ತಂದರೂ ನಡೆಯುತ್ತದೆ. ಇಲ್ಲದಿದ್ದರೆ ಪ್ಲಗ್ ಹೊರಬಂದ ಕ್ಷಣವೇ ಅಲ್ಲಿನ ಮರಳು ಸಿಲಿಂಡರಿಗೆ ಬೀಳುತ್ತದೆ. ಪ್ಲಗ್ ಬಿಗಿಯಾಗಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಬಿಡಿ. ಹಟ ಮಾಡಿ ತಿರುಗಿಸಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ಡು ಕಿತ್ತುಕೊಂಡು ಬರುತ್ತದೆ. ಬೆಳಗಾವಿಯಲ್ಲಿದ್ದರೆ ಅದಕ್ಕೂ ದಾರಿ ಇದೆ ಅನ್ನಿ. ಉದ್ಯಮಬಾಗದಲ್ಲಿ ಸಾಲುಸಾಲು ಲೇಥ್ ಮಷಿನ್ ಅಂಗಡಿಗಳಿವೆ, ಥ್ರೆಡ್ ಹೊಸದಾಗಿ ಕೂರಿಸಿ ಕೊಡುತ್ತಾರೆ. ಆದರೆ ಹೆಡ್ ಬಿಚ್ಚಿ ಒಯ್ಯಬೇಕು.

ಪ್ಲಗ್ ಬಂದ ಮೇಲೆ ಆ ತೂತಿನಿಂದ ಎರಡು ಚಹಾ ಚಮಚದಷ್ಟು ಎಂಜಿನ್ ಆಯಿಲ್ ಬಿಡಿ. ಬಟ್ಟೆ ಮುಚ್ಚಿ ರಾತ್ರಿಯೆಲ್ಲ ಹಾಗೇ ಇರಲಿ. ಬೆಳಿಗ್ಗೆ ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಟಾಪ್ ಗೇರಿಗೆ ಹಾಕಿ, ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿ. ಕಾಲು ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಪ್ಲಗ್ ತೂತಿನಿಂದ ‘ಫುಸ್’ ಅಂತ ಗಾಳಿ ಬಂದರೆ ಪಿಸ್ಟನ್ ಆಡುತ್ತಿದೆ.

ಆಡಲಿಲ್ಲವಾ? ಅವಸರ ಬೇಡ. ಮತ್ತೆ ಆಯಿಲ್ ಬಿಡಿ, ಅದಕ್ಕೆ ಸ್ವಲ್ಪ ಡೀಸೆಲ್ ಬೆರೆಸಿ. ದಿನಾ ಸಂಜೆ ಒಂದು ಸಲ ಚಕ್ರ ಅಲುಗಾಡಿಸಿ. ವಾರವಾದರೂ ಜಗ್ಗದಿದ್ದರೆ ಸಿಲಿಂಡರ್ ಬಿಚ್ಚಲೇಬೇಕು, ಅದು ಮಿಸ್ತ್ರಿ ಕೆಲಸ. ಉದ್ದ ಪೈಪು ಸಿಕ್ಕಿಸಿ ಜಗ್ಗಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡು ಬಾಗುತ್ತದೆ.

ಆಯಿಲ್

ಡ್ರೈನ್ ಬೋಲ್ಟ್ ಬಿಚ್ಚಿ ಹಳೆಯದನ್ನು ಬಿಳಿ ಡಬ್ಬಿಗೆ ಇಳಿಸಿ. ಬರೀ ಕಪ್ಪಗಿದ್ದರೆ ಚಿಂತೆ ಇಲ್ಲ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ ಅಂತ. ಹಾಗಿದ್ದರೆ ಹೊಸ ಆಯಿಲ್ ಹಾಕಿ, ಎಂಜಿನ್ ಐದು ನಿಮಿಷ ಓಡಿದ ಮೇಲೆ ಅದನ್ನೂ ಇಳಿಸಿ, ಮತ್ತೆ ಹೊಸದು ಹಾಕಬೇಕು. ಬಿಸಿಲಿಗೆ ಹಿಡಿದಾಗ ಮಿಣಮಿಣ ಲೋಹದ ಪುಡಿ ಕಂಡರೆ ಅಲ್ಲಿಗೇ ನಿಲ್ಲಿಸಿ, ಎಂಜಿನ್ ಬಿಚ್ಚಿಸಿ ನೋಡಿ.

ಹೊಸ ಆಯಿಲ್ ಬೈಕಿನದ್ದೇ ಇರಲಿ. ಡಬ್ಬಿ ಮೇಲೆ ‘ಜಾಸೊ ಎಂಎ’ ಅಂತ ಇರುತ್ತದೆ. ಬೈಕಿನ ಕ್ಲಚ್ ಪ್ಲೇಟು ಅದೇ ಆಯಿಲಿನಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲ್ ಹಾಕಿದರೆ ಜಾರಬಹುದು. ನಾನು ಹಾಕಿದ್ದು 10ಡಬ್ಲ್ಯೂ-30. ಎಷ್ಟು ಅನ್ನುವುದಕ್ಕೆ ಡಿಪ್‌ಸ್ಟಿಕ್ಕನ್ನೇ ಕೇಳಿ.

ಕ್ಲಚ್ ವಿಷಯ ಬಂತಲ್ಲ, ಇನ್ನೊಂದು ಮಾತು. ವರ್ಷಗಟ್ಟಲೆ ನಿಂತಾಗ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪ್ಲಗ್ ಕೂರಿಸಿದ ಮೇಲೆ ಗೇರಿಗೆ ಹಾಕಿ, ಕ್ಲಚ್ ಹಿಡಿದು, ಗಾಡಿಯನ್ನು ಹಿಂದೆ ಮುಂದೆ ಜಗ್ಗಿ. ‘ಟಕ್’ ಅಂತ ಬಿಟ್ಟುಕೊಳ್ಳುತ್ತದೆ. ಇದನ್ನು ಮರೆತು ಚಾಲೂ ಮಾಡಿ ಗೇರ್ ಹಾಕಿದರೆ ಕ್ಲಚ್ ಹಿಡಿದಿದ್ದರೂ ಗಾಡಿ ಗೇಟಿಗೆ ಹೋಗಿ ಗುದ್ದುತ್ತದೆ.

ಟ್ಯಾಂಕು

ಅರ್ಧ ಕೆಲಸ ಇಲ್ಲೇ ಇದೆ. ಮುಚ್ಚಳ ತೆಗೆದಾಗ ಬಂದದ್ದು ಪೆಟ್ರೋಲ್ ವಾಸನೆಯಲ್ಲ. ಹಳೆ ವಾರ್ನಿಶ್ ಡಬ್ಬಿ ತೆರೆದ ಹಾಗೆ ಹುಳಿಹುಳಿ ವಾಸನೆ. ಪೆಟ್ರೋಲಿನ ಹಗುರ ಅಂಶವೆಲ್ಲ ಹಾರಿ, ಉಳಿದದ್ದು ಜಿಗುಟಾದಾಗ ಹೀಗಾಗುತ್ತದೆ. ಅದಕ್ಕೆ ಬೆಂಕಿ ಹತ್ತುವುದೇ ಕಷ್ಟ.

ಪೆಟ್ರೋಲಿನಲ್ಲಿ ಈಗ ಎಥೆನಾಲ್ ಬೆರೆಸುತ್ತಾರೆ, ನಮಗೆಲ್ಲ ಗೊತ್ತು. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲೇ ಕಬ್ಬಿನಿಂದ ಅದು ತಯಾರಾಗುತ್ತದೆ. ಎಥೆನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಹೀರಿದ್ದು ಮಿತಿ ಮೀರಿದರೆ ನೀರು ಮತ್ತು ಎಥೆನಾಲ್ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂಡುತ್ತವೆ. ಪೆಟ್ರೋಲ್ ಬಿಡುವ ನಲ್ಲಿ, ಅಂದರೆ ಕಾಕ್, ಎಳೆಯುವುದು ತಳದಿಂದಲೇ ಅಲ್ವಾ? ಟ್ಯಾಂಕಿಗೆ ತುಕ್ಕು ಹಿಡಿಯುವುದೂ ಅಲ್ಲೇ.

ಟ್ಯಾಂಕ್ ಬಿಚ್ಚಿ ಬಯಲಿಗೆ ಒಯ್ಯಿರಿ. ಹತ್ತಿರ ಬೀಡಿ, ಒಲೆ, ಮೊಬೈಲ್ ಚಾರ್ಜರ್ ಯಾವುದೂ ಬೇಡ. ಹಳೆ ಪೆಟ್ರೋಲನ್ನು ಕ್ಯಾನಿಗೆ ಇಳಿಸಿ, ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ. ಗಟಾರಕ್ಕೆ ಚೆಲ್ಲಬೇಡಿ. ಪೆಟ್ರೋಲ್ ಕಾಕ್ ಮತ್ತು ಮೀಟರಿನ ಫ್ಲೋಟ್ ಬಿಚ್ಚಿ ಇಟ್ಟು, ಆ ತೂತುಗಳಿಗೆ ರಬ್ಬರ್ ಬೂಚು ಹಾಕಿ ಬಿಗಿ ಮಾಡಿ.

ತುಕ್ಕು ಪುಡಿಪುಡಿಯಾಗಿ ಉದುರುತ್ತಿದ್ದರೆ ಮೊದಲು ಒಳಗೆ ಒಂದು ಮುಷ್ಟಿ ನಟ್ಟುಗಳನ್ನು ಹಾಕಿ, ಸೋಪಿನ ನೀರು ಬಿಟ್ಟು, ಹತ್ತು ನಿಮಿಷ ಅಲ್ಲಾಡಿಸಿ. ಎಣಿಸಿ ಹಾಕಿ! ನಾನು 20 ಹಾಕಿದ್ದೆ, ಹೊರಬಂದದ್ದು 19. ಉಳಿದ ಒಂದಕ್ಕೆ ಟ್ಯಾಂಕನ್ನು ತಲೆಕೆಳಗು ಮಾಡಿ ಮುಕ್ಕಾಲು ಗಂಟೆ ಕುಣಿಸಿದೆ. ಮಗಳು ಗಟ್ಟಿಯಾಗಿ ನಗುತ್ತಾ ವೀಡಿಯೊ ಮಾಡಿದಳು. ಕೊನೆಗೆ ಮುಚ್ಚಳದ ಬಾಯಿಯ ಒಳ ಅಂಚಿನಲ್ಲಿ ಸಿಕ್ಕಿಕೊಂಡಿದ್ದು ಟಣ್ ಅಂತ ಬಿತ್ತು. ದಾರಕ್ಕೆ ಪೋಣಿಸಿದ ನಟ್ಟು ಅಥವಾ ಒಂದು ತುಂಡು ಸರಪಳಿ ಹಾಕಿದರೆ ಈ ಪಾಡು ಇಲ್ಲ.

ಆಮೇಲೆ ನಿಂಬೆ ಉಪ್ಪು. ಕಿರಾಣಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್ಡೇ ಅದು. ತಾಮ್ರದ ತಂಬಿಗೆಗೆ ಹುಣಸೆಹಣ್ಣು ತಿಕ್ಕಿದಾಗ ಆಗುವ ಕೆಲಸವೇ ಇಲ್ಲೂ ಆಗುತ್ತದೆ, ಹುಳಿ ಕಿಲುಬನ್ನು ಕರಗಿಸುತ್ತದೆ. ಲೀಟರ್ ಬಿಸಿನೀರಿಗೆ 50 ಗ್ರಾಂ ಲೆಕ್ಕದಲ್ಲಿ ಕರಗಿಸಿ ಟ್ಯಾಂಕನ್ನು ಗಂಟಲ ಮಟ್ಟ ತುಂಬಿಸಿ. ಇಂಪಲ್ಸಿನ ಟ್ಯಾಂಕಿಗೆ ಅರ್ಧ ಕಿಲೊಗಿಂತ ಸ್ವಲ್ಪ ಜಾಸ್ತಿ ಹಿಡಿಯಿತು. ಗುಳ್ಳೆ ಏಳುತ್ತವೆ, ಮುಚ್ಚಳ ಬಿಗಿ ಮಾಡಬೇಡಿ. ಹೊರಗಿನ ಬಣ್ಣಕ್ಕೆ ಚೆಲ್ಲಿದರೆ ತಕ್ಷಣ ನೀರು ಸುರಿಯಿರಿ. ಒಂದು ದಿನ ಬಿಟ್ಟು ನೋಡಿ. ಒಳಗೆ ಬೂದು ಬಣ್ಣದ ಬೋಳು ತಗಡು ಕಂಡರೆ ಆಯಿತು. ಅಲ್ಲಲ್ಲಿ ಕಂದು ಇದ್ದರೆ ಹೊಸ ನೀರಿನಲ್ಲಿ ಇನ್ನೊಂದು ರಾತ್ರಿ.

ಇಲ್ಲಿಂದ ಮುಂದೆ ಮಾತ್ರ ಕೈ ಚುರುಕಾಗಬೇಕು. ಹುಳಿ ನೀರು ಚೆಲ್ಲಿ, ಅಡುಗೆ ಸೋಡಾ ಕಲಸಿದ ನೀರಿನಿಂದ ಒಮ್ಮೆ, ಬರೀ ನೀರಿನಿಂದ ಎರಡು ಸಲ ತೊಳೆಯಿರಿ. ಬೋಳು ತಗಡು ಗಾಳಿಗೆ ಅರ್ಧ ಗಂಟೆಯಲ್ಲೇ ಮತ್ತೆ ಕೆಂಪಾಗುತ್ತದೆ. ಹಾಗಾಗಿ ನೀರು ಬಸಿದ ಕೂಡಲೇ ಬಿಸಿಲಿನಲ್ಲಿಟ್ಟು ಗಾಳಿ ಹೊಡೆದು ಪೂರ್ತಿ ಒಣಗಿಸಿ, ಸ್ವಲ್ಪ ಪೆಟ್ರೋಲಿಗೆ ಒಂದು ಚಮಚ ಆಯಿಲ್ ಬೆರೆಸಿ ಒಳಗೆಲ್ಲ ಆಡಿಸಿ. ಈ ಕೆಲಸವನ್ನು ಮಳೆಗಾಲದಲ್ಲಿ ಇಟ್ಟುಕೊಳ್ಳಬೇಡಿ. ಮಾರ್ಚ್, ಏಪ್ರಿಲ್ ಬಿಸಿಲು ಸರಿ.

ಟ್ಯಾಂಕಿನಲ್ಲಿ ತೂತು ಕಂಡರೆ ಹಾಗೇ ವೆಲ್ಡಿಂಗಿಗೆ ಒಯ್ಯಬೇಡಿ. ಖಾಲಿ ಟ್ಯಾಂಕಿನಲ್ಲಿರುವ ಪೆಟ್ರೋಲ್ ಆವಿ ಬಾಂಬಿನ ಹಾಗೆ ಸಿಡಿಯುತ್ತದೆ. ಟ್ಯಾಂಕ್ ಕೆಲಸವನ್ನೇ ಮಾಡುವವರ ಹತ್ತಿರ ಹೋಗಿ.

ಕಾಕ್‌ನೊಳಗಿನ ಜಾಳಿಗೆ ಸ್ವಚ್ಛ ಮಾಡಿ. ಪೆಟ್ರೋಲ್ ಪೈಪು ಹೊಸದೇ ಇರಲಿ, ನಡುವೆ ಒಂದು ಸಣ್ಣ ಫಿಲ್ಟರ್ ಹಾಕಿ. ಈಗಿನ ಇ20, ಅಂದರೆ ಶೇಕಡಾ 20 ಎಥೆನಾಲ್ ಇರುವ ಪೆಟ್ರೋಲಿಗೆ ತಯಾರಾದ ಗಾಡಿಗಳಲ್ಲ ಇವು. ಹಳೆ ರಬ್ಬರ್ ಪೈಪು, ವಾಶರ್ ಬೇಗ ಉಬ್ಬುತ್ತವೆ, ಬಿರಿಯುತ್ತವೆ.

ಕಾರ್ಬೋರೇಟರ್

ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ ಇದು. ನಿಮ್ಮದು 2019ರ ನಂತರದ ಎಕ್ಸ್‌ಪಲ್ಸೊ, ಇತ್ತೀಚಿನ ಹಿಮಾಲಯನ್ನೊ ಆಗಿದ್ದರೆ ಬಹುಶಃ ಕಾರ್ಬೋರೇಟರ್ ಬದಲು ಇಂಜೆಕ್ಷನ್ ಇರುತ್ತದೆ. ಆಗ ಟ್ಯಾಂಕಿನೊಳಗಿನ ಪಂಪು, ಅದರ ಜಾಳಿಗೆ, ಇಂಜೆಕ್ಟರ್ ಈ ಮೂರನ್ನು ಸ್ವಚ್ಛ ಮಾಡಿಸಿ ಮುಂದಕ್ಕೆ ಹೋಗಿ. ಕಾರ್ಬೋರೇಟರ್ ಇದ್ದವರು ಇಲ್ಲಿ ಕೂತುಕೊಳ್ಳಿ. ನಿಂತ ಗಾಡಿಗಳಲ್ಲಿ ಹೆಚ್ಚಿನವು ಚಾಲೂ ಆಗದೇ ಇರುವುದು ಇದರೊಳಗಿನ ಒಂದು ಕೂದಲೆಳೆಯಷ್ಟು ತೂತು ಮುಚ್ಚಿರುವುದರಿಂದ.

ಎರಡು ಕ್ಲಾಂಪ್ ಸಡಿಲಿಸಿ, ಆಕ್ಸಿಲೇಟರ್ ಕೇಬಲ್ ಬಿಚ್ಚಿ, ಕಾರ್ಬೋರೇಟರ್ ಹೊರಗೆ ತೆಗೆಯಿರಿ. ಊಟದ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಬಿಚ್ಚಿ. ಸ್ಪ್ರಿಂಗ್ ಹಾರಿದರೂ ಕಾಣುತ್ತದೆ. ತಳದ ಬಟ್ಟಲಿನ ಸ್ಕ್ರೂಗಳಿಗೆ ಸರಿಯಾಗಿ ಕೂರುವ ಸ್ಟಾರ್ ಸ್ಕ್ರೂಡ್ರೈವರ್ ಬೇಕು. ಸಡಿಲ ಇದ್ದರೆ ತಲೆ ಸವೆದು ಹೋಗುತ್ತದೆ.

ಬಟ್ಟಲು ತೆಗೆದಾಗ ನನಗೆ ಕಂಡದ್ದು ಹಸಿರು-ಹಳದಿ ಅಂಟು. ಬೆಲ್ಲದ ಪಾಕ ತಳ ಹಿಡಿದ ಹಾಗೆ. ಪೆಟ್ರೋಲಿನಲ್ಲಿ ತೇಲುವ ಫ್ಲೋಟಿನ ಪಿನ್ನನ್ನು ಮೆಲ್ಲಗೆ ತಳ್ಳಿ ತೆಗೆಯಿರಿ. ಅದಕ್ಕೆ ನೇತಾಡುವ ಸಣ್ಣ ಸೂಜಿಯ ತುದಿ ನೋಡಿ. ರಬ್ಬರ್ ತುದಿಯಲ್ಲಿ ಸುತ್ತಲೂ ಗೆರೆ ಬಿದ್ದಿದ್ದರೆ ಬದಲಿಸಿ, ಇಲ್ಲದಿದ್ದರೆ ಪೆಟ್ರೋಲ್ ಉಕ್ಕುತ್ತಲೇ ಇರುತ್ತದೆ.

ಈಗ ಎರಡು ಜೆಟ್, ಅಂದರೆ ಪೆಟ್ರೋಲ್ ಹಾಯುವ ತೂತಿನ ತುಣುಕುಗಳು. ದೊಡ್ಡದು ಮೇನ್ ಜೆಟ್. ಅದರ ಪಕ್ಕ ಆಳದಲ್ಲಿ ಕೂತಿರುವುದು ಪೈಲಟ್ ಜೆಟ್. ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಬಿಚ್ಚಿ, ಕಣ್ಣಿಗೆ ಹತ್ತಿರ ಹಿಡಿದು, ಕಿಟಕಿ ಬೆಳಕಿಗೆ ನೋಡಿ. ಗುಂಡಗೆ ಒಂದು ಬೆಳಕಿನ ಚುಕ್ಕೆ ಕಾಣಬೇಕು. ನನಗೆ ಕಂಡದ್ದು ಕತ್ತಲೆ. ಕಾರ್ಬ್ ಕ್ಲೀನರ್ ಹೊಡೆದು ಒಂದು ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ಅರ್ಧಚಂದ್ರದ ಹಾಗೆ ಬೆಳಕು ಬಂತು. ಇಲ್ಲಿ ಸೂಜಿ, ಪಿನ್ನು, ಸ್ಟೀಲ್ ತಂತಿ ಹಾಕಬೇಡಿ. ಜೆಟ್ ಹಿತ್ತಾಳೆಯದು, ಗೀಚಿದರೆ ತೂತು ದೊಡ್ಡದಾಗಿ ಪೆಟ್ರೋಲಿನ ಲೆಕ್ಕವೇ ತಪ್ಪುತ್ತದೆ. ಮನೆ ವೈರಿನ ಒಳಗಿನ ತಾಮ್ರದ ಒಂದು ಎಳೆ ಸಾಕು, ಅದು ಹಿತ್ತಾಳೆಗಿಂತ ಮೆತ್ತಗೆ. ಎರಡು ಸಲ ಆಡಿಸಿ, ಗಾಳಿ ಹೊಡೆಸಿದ ಮೇಲೆ ಪೂರ್ತಿ ಚುಕ್ಕೆ ಕಂಡಿತು.

ಗಾಳಿ-ಪೆಟ್ರೋಲ್ ಹೊಂದಿಸುವ ಸ್ಕ್ರೂ ಬಿಚ್ಚುವ ಮುಂಚೆ ಒಂದು ಕೆಲಸ ಇದೆ. ಅದನ್ನು ಮೆಲ್ಲಗೆ ಒಳಗೆ ತಿರುಗಿಸುತ್ತಾ, ತಳ ಮುಟ್ಟುವವರೆಗೆ ಎಷ್ಟು ಸುತ್ತಾಯಿತು ಎಣಿಸಿ, ಗೋಡೆ ಮೇಲೆ ಬರೆದಿಡಿ. ನನ್ನದು ಎರಡು ಕಾಲು ಸುತ್ತು ಇತ್ತು. ಜೋಡಿಸುವಾಗ ಅಷ್ಟೇ ಹೊರಗೆ ತಿರುಗಿಸಿ. ತಳ ಮುಟ್ಟಿದ ಮೇಲೆ ಬಿಗಿ ಮಾಡಿದರೆ ತುದಿ ಮುರಿಯುತ್ತದೆ.

ಮೇಲಿನ ಮುಚ್ಚಳದ ಕೆಳಗೆ ಕಪ್ಪು ರಬ್ಬರ್ ಪರದೆ ಇರುವ ಬಗೆಯಾದರೆ, ಅದಕ್ಕೆ ಕ್ಲೀನರ್ ತಾಗಿಸಬೇಡಿ, ಉಬ್ಬಿ ಹಾಳಾಗುತ್ತದೆ. ಬೆಳಕಿಗೆ ಹಿಡಿದು ಸಣ್ಣ ತೂತಿದೆಯಾ ನೋಡಿ. ಇದ್ದರೆ ಗಾಡಿ ಚಾಲೂ ಆಗುತ್ತದೆ, ಆದರೆ ಎಳೆಯಲ್ಲ.

ಕಾರ್ಬೋರೇಟರ್ ಮೈಯಲ್ಲಿರುವ ಎಲ್ಲ ದಾರಿಗಳಿಗೂ ಕ್ಲೀನರ್ ಹೊಡೆಯಿರಿ. ಒಂದು ಕಡೆ ಹೊಡೆದದ್ದು ಇನ್ನೊಂದು ಕಡೆ ಚಿಮ್ಮಬೇಕು. ಕನ್ನಡಕ ಹಾಕಿಕೊಳ್ಳಿ, ಅದು ಎಲ್ಲಿಂದ ಬರುತ್ತದೆ ಹೇಳಕ್ಕಾಗಲ್ಲ. ಎಂಜಿನ್ನಿಗೆ ಸೇರಿಸುವ ರಬ್ಬರ್ ತುಂಡನ್ನು ಬಾಗಿಸಿ ನೋಡಿ, ಬಿರುಕಿದ್ದರೆ ಬದಲಿಸಿ.

ಬ್ಯಾಟರಿ ಮತ್ತು ಕಿಡಿ

ಆರು ವರ್ಷ ನಿಂತ ಬ್ಯಾಟರಿಗೆ ಆಸೆ ಇಟ್ಟುಕೊಳ್ಳಬೇಡಿ. ಒಳ್ಳೆ ಬ್ಯಾಟರಿ ಸುಮ್ನೆ ಇದ್ದಾಗ 12.6 ವೋಲ್ಟ್ ತೋರಿಸುತ್ತದೆ. ನಮ್ಮದು ನಾಲ್ಕು ತೋರಿಸಿತು. ಹೊಸದು ತಂದೆ. ಫ್ಯೂಸು ನೋಡಿ, ಫ್ರೇಮಿಗೆ ಕಟ್ಟಿದ ಅರ್ಥಿಂಗ್ ವೈರಿನ ಬುಡವನ್ನು ಮರಳು ಕಾಗದದಿಂದ ತಿಕ್ಕಿ.

ಕಿಡಿ ನೋಡುವುದನ್ನು ಪೆಟ್ರೋಲ್ ಜೋಡಿಸುವ ಮೊದಲೇ ಮುಗಿಸಿ. ಹೊಸ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗಿರುವಂತೆ ಇಡಿ, ಪ್ಲಗ್ ತೂತಿನಿಂದ ದೂರ. ಐದು ಸೆಕೆಂಡ್ ಸೆಲ್ಫ್ ಒತ್ತಿ. ನೀಲಿ ಕಿಡಿ ಚಟಚಟ ಅಂದರೆ ಸರಿ. ಸೋತ ಹಳದಿ ಕಿಡಿ ಇದ್ದರೆ ಕ್ಯಾಪ್, ವೈರು, ಆಮೇಲೆ ಕಾಯಿಲ್ ಹೀಗೆ ನೋಡುತ್ತಾ ಹೋಗಿ. ಹಿಂದೆ ಬಿಟ್ಟಿದ್ದ ಆಯಿಲ್ ತೂತಿನಿಂದ ಚಿಮ್ಮುತ್ತದೆ, ಮುಖ ದೂರ ಇಡಿ. ಹೀಗೆ ನಾಲ್ಕೈದು ಸಲ ಒತ್ತಿದರೆ ಹೊಸ ಆಯಿಲ್ ಮೇಲಿನ ಹೆಡ್ಡಿಗೂ ಏರುತ್ತದೆ. ಒಂದೇ ಕೆಲಸದಲ್ಲಿ ಎರಡು ಲಾಭ.

ಚಾಲೂ ಮಾಡುವ ದಿನ

ಬಯಲಲ್ಲಿ ಮಾಡಿ, ಮುಚ್ಚಿದ ಶೆಡ್ಡಿನ ಹೊಗೆ ಜೀವಕ್ಕೆ ಅಪಾಯ. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಹರಡುತ್ತದೆ. ಏರ್ ಫಿಲ್ಟರ್ ಹೊಸದು ಹಾಕಿ. ಆಕ್ಸಿಲೇಟರ್ ತಿರುಗಿಸಿ ಬಿಟ್ಟಾಗ ‘ಟಪ್’ ಅಂತ ತಾನೇ ವಾಪಸ್ ಬರುತ್ತಾ ನೋಡಿ, ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ನೋಡಿ. ಕೇಬಲ್ ಬಿಗಿ ಇದ್ದರೆ ಚಾಲೂ ಮಾಡಲೇಬೇಡಿ.

ಒಂದು ಲೀಟರ್ ಹೊಸ ಪೆಟ್ರೋಲ್ ಹಾಕಿ, ಕಾಕ್ ತೆಗೆದು ಎರಡು ನಿಮಿಷ ಕಾಯಿರಿ. ಕೆಳಗಿನ ಪೈಪಿನಿಂದ ಪೆಟ್ರೋಲ್ ಸುರಿಯತೊಡಗಿದರೆ ಫ್ಲೋಟ್ ಸೂಜಿ ಸಿಕ್ಕಿಕೊಂಡಿದೆ. ಬಟ್ಟಲಿಗೆ ಸ್ಕ್ರೂಡ್ರೈವರ್ ಹಿಡಿಕೆಯಿಂದ ಮೆಲ್ಲಗೆ ಎರಡು ಏಟು ಕೊಡಿ, ಎಷ್ಟೋ ಸಲ ಅಷ್ಟರಲ್ಲೇ ನಿಲ್ಲುತ್ತದೆ. ಚೋಕ್ ಎಳೆಯಿರಿ. ಒಂದು ಸಲಕ್ಕೆ ಐದಾರು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಒತ್ತಬೇಡಿ. ನಡುವೆ ಅರ್ಧ ನಿಮಿಷ ಬಿಡಿ, ಇಲ್ಲದಿದ್ದರೆ ಮೋಟರ್ ಸುಡುತ್ತದೆ.

ನಮ್ಮದು ಏಳನೇ ಸಲಕ್ಕೆ ಕೆಮ್ಮಿತು. ಒಂಬತ್ತನೇ ಸಲಕ್ಕೆ ಹತ್ತಿತು. ಓಣಿ ತುಂಬ ಹೊಗೆ. ಕಾಕಾ ಗೇಟಿನಿಂದಲೇ “ನಾ ಹೇಳಿದ್ನಿಲ್ಲೋ!” ಅಂದರು. ಸಿಲಿಂಡರಿನಲ್ಲಿ ಬಿಟ್ಟಿದ್ದ ಆಯಿಲ್ ಸುಡುವ ಹೊಗೆ ಅದು, ಐದು ಹತ್ತು ನಿಮಿಷದಲ್ಲಿ ತೆಳುವಾಗುತ್ತದೆ. ಅರ್ಧ ಗಂಟೆಯಾದರೂ ನೀಲಿಯಾಗೇ ಇದ್ದರೆ ರಿಂಗು ಅಥವಾ ವಾಲ್ವ್ ಸೀಲು ಹೋಗಿದೆ.

ಚೋಕ್ ಇದ್ದಾಗ ಮಾತ್ರ ಓಡಿ, ತೆಗೆದ ಕೂಡಲೇ ಆಫ್ ಆದರೆ ಪೈಲಟ್ ಜೆಟ್ ಇನ್ನೂ ಕಟ್ಟಿದೆ. ಬೇಜಾರಾದರೂ ಮತ್ತೆ ಬಿಚ್ಚಿ. ನಾನೂ ಒಮ್ಮೆ ಬಿಚ್ಚಿದೆ. ಆಕ್ಸಿಲೇಟರ್ ಬಿಟ್ಟರೂ ಎಂಜಿನ್ ಸದ್ದು ಇಳಿಯದಿದ್ದರೆ ರಬ್ಬರ್ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆ. ಓಡುವಾಗ ಬ್ಯಾಟರಿ ತುದಿಗಳಲ್ಲಿ 13.5ರಿಂದ 14.5 ವೋಲ್ಟ್ ಬರಬೇಕು. ಬರದಿದ್ದರೆ ಚಾರ್ಜ್ ಆಗುತ್ತಿಲ್ಲ.

ಓಡಿಸುವ ಮುಂಚೆ ನಿಲ್ಲಿಸುವುದನ್ನು ನೋಡಿ

ಚಾಲೂ ಆಯಿತು ಅಂತ ಹೆಲ್ಮೆಟ್ ಹುಡುಕಬೇಡಿ ಇನ್ನೂ. ಮುಂದಿನ ಡಿಸ್ಕ್ ಬ್ರೇಕಿನ ಆಯಿಲ್ ಕೂಡ ತೇವ ಹೀರುತ್ತದೆ, ಕಾಫಿ ಬಣ್ಣ ಬಂದಿದ್ದರೆ ಪೂರ್ತಿ ಬದಲಿಸಿ. ಯಾವುದು ಅಂತ ಡಬ್ಬಿ ಮುಚ್ಚಳದ ಮೇಲೇ ಇರುತ್ತದೆ, ಡಾಟ್ 3 ಅಥವಾ 4. ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ. ಲಿವರ್ ಬಿಟ್ಟ ಮೇಲೂ ಚಕ್ರ ಬಿಗಿಯಾಗೇ ಇದ್ದರೆ ಬ್ರೇಕ್ ಪ್ಯಾಡು ಒತ್ತುವ ಕ್ಯಾಲಿಪರ್ ಪಿಸ್ಟನ್ ಸಿಕ್ಕಿಕೊಂಡಿದೆ. ಹಿಂದಿನ ಡ್ರಮ್ಮು ಬಿಚ್ಚಿ, ಒಳಗಿನ ಪುಡಿಯನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2312 ಅಂದರೆ 2012ರ 23ನೇ ವಾರ ತಯಾರಾದದ್ದು. ಹಿಡಿತದ ಉಬ್ಬುಗಳು ಚೆನ್ನಾಗಿ ಕಂಡರೂ ಅಂಥ ಟೈರನ್ನು ನಂಬಬೇಡಿ. ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿಯಲ್ಲ. ಟ್ಯೂಬೂ ಹೊಸದು ಹಾಕಿ. 19 ಇಂಚಿನ ಟೈರು ಎಲ್ಲ ಅಂಗಡಿಯಲ್ಲಿ ಇಡಲ್ಲ, ಮೊದಲೇ ಹೇಳಿ ತರಿಸಬೇಕಾಗುತ್ತದೆ.

ಸ್ಪೋಕುಗಳನ್ನು ಒಂದೊಂದಾಗಿ ಸಣ್ಣ ಪಾನಾದಿಂದ ತಟ್ಟುತ್ತಾ ಹೋಗಿ. ‘ಟಿಣ್’ ಅನ್ನಬೇಕು. ‘ಡಬ್’ ಅಂದದ್ದು ಸಡಿಲ ಇದೆ. ಚೈನನ್ನು ಡೀಸೆಲ್ಲಿನಲ್ಲಿ ನೆನೆಸಿ ಬ್ರಶ್ ಹಾಕಿ. ಕೊಂಡಿಗಳು ಮಡಚಿದಲ್ಲೇ ನಿಂತರೆ ಬದಲಿಸಿ. ಚೈನ್ ಬಿಗಿ ನೋಡುವಾಗ ಒಬ್ಬರನ್ನು ಸೀಟಿನ ಮೇಲೆ ಕೂರಿಸಿ. ಈ ಗಾಡಿಗಳ ಸಸ್ಪೆನ್ಷನ್ ಜಾಸ್ತಿ ಇಳಿಯುತ್ತದೆ, ಇಳಿದಾಗ ಚೈನ್ ಬಿಗಿಯಾಗುತ್ತದೆ. ಖಾಲಿ ಗಾಡಿಯಲ್ಲಿ ಸರಿ ಕಂಡದ್ದು ಗುಂಡಿ ಹಾರುವಾಗ ತುಂಡಾಗಬಹುದು.

ಮುಂದಿನ ಫೋರ್ಕಿನ ಹೊಳೆಯುವ ಪೈಪಿನ ಮೇಲೆ ಉಗುರು ಎಳೆಯಿರಿ. ತುಕ್ಕಿನ ಚುಚ್ಚು ಉಗುರಿಗೆ ತಾಗಿದರೆ ಹೊಸ ಸೀಲು ಹಾಕಿದರೂ ತಿಂಗಳಲ್ಲಿ ಸೋರುತ್ತದೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿ, ನಡುವೆ ‘ಕಟಕ್’ ಅಂತ ಸಿಕ್ಕಿದರೆ ಬೇರಿಂಗ್ ಹೋಗಿದೆ. ಹಿಂದಿನ ಚಕ್ರ ಹಿಡಿದಿರುವ ತೋಳು, ಅಂದರೆ ಸ್ವಿಂಗ್ ಆರ್ಮ್, ಬಿಚ್ಚಿ ಗ್ರೀಸ್ ಹಾಕಿಸಿ. ಎಲ್ಲರೂ ಬಿಟ್ಟುಬಿಡುವ ಜಾಗ ಅದು.

ಮೊದಲ ಸವಾರಿ

ಮೊದಲು ಓಣಿಯಲ್ಲಿ ಹತ್ತು ಸುತ್ತು, ಬರೀ ಬ್ರೇಕ್ ಹಿಡಿದು ನೋಡುವುದಕ್ಕೆ. ಆಮೇಲೆ ಐದು ಕಿಲೊಮೀಟರ್ ಹೋಗಿ ನಿಲ್ಲಿಸಿ. ಎಲ್ಲಾದರೂ ಸೋರುತ್ತಿದೆಯಾ, ಚಕ್ರದ ನಡುವಿನ ಹಬ್ಬು ಸುಡುತ್ತಿದೆಯಾ ಮುಟ್ಟಿ ನೋಡಿ. ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ.

ನಾನು ವಡಗಾವಿ ದಾಟಿ ಎಳ್ಳೂರಿನ ದಾರಿಯಲ್ಲಿ ರಾಜಹಂಸಗಡದ ಕೋಟೆಯವರೆಗೆ ಹೋದೆ. ಮೊದಲು ಹೊಲದ ನಡುವೆ ಸಪಾಟು ರಸ್ತೆ, ಕೊನೆಗೆ ಗಡದ ಏರು. ಎಂಜಿನ್ ಬಿಸಿಯಾದಾಗ ಹೇಗೆ ಎಳೆಯುತ್ತದೆ ಅಂತ ನೋಡುವುದಕ್ಕೆ ಇಷ್ಟು ಸಾಕು, ಕೆಟ್ಟರೆ ಊರಿಗೆ ಟೆಂಪೊ ಸಿಗುವಷ್ಟು ಹತ್ತಿರ. ಮೊದಲ ದಿನವೇ ಜಾಂಬೋಟಿ, ಚೋರ್ಲಾ ಘಾಟ್ ಕಡೆ ಹೋಗಬೇಡಿ. ಇಳಿಯುವಾಗ ಗಡದ ತಿರುವಿನಲ್ಲಿ ಹಿಂದಿನ ಬ್ರೇಕ್ ಕಿರುಗುಟ್ಟಿತು, ಅದನ್ನು ಮನೆಗೆ ಬಂದು ಮತ್ತೆ ಬಿಚ್ಚಿದೆ.

200 ಕಿಲೊಮೀಟರಿಗೆ ಆಯಿಲ್ ಇನ್ನೊಮ್ಮೆ ಬದಲಿಸಿ, ಪೆಟ್ರೋಲ್ ಫಿಲ್ಟರ್ ನೋಡಿ. ಟ್ಯಾಂಕಿನಲ್ಲಿ ಉಳಿದ ತುಕ್ಕು ಅಲ್ಲಿ ಕೆಂಪಗೆ ಕೂತಿರುತ್ತದೆ. ಮುಂದಿನ ಜೂನಿಗೆ ಗಾಡಿ ಮತ್ತೆ ಎರಡು ತಿಂಗಳು ನಿಲ್ಲುವುದಾದರೆ ಟ್ಯಾಂಕನ್ನು ಬಾಯಿ ಮಟ್ಟ ತುಂಬಿಸಿಡಿ, ಒಳಗೆ ಗಾಳಿ ಕಡಿಮೆ ಇದ್ದಷ್ಟು ತೇವ ಕಡಿಮೆ. ಕಾಕ್ ಮುಚ್ಚಿ ಕಾರ್ಬೋರೇಟರ್ ಬಟ್ಟಲಿನ ಪೆಟ್ರೋಲ್ ಇಳಿಸಿಬಿಡಿ. ಬ್ಯಾಟರಿ ಬಿಚ್ಚಿ ಮನೆಯೊಳಗಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ. ಆ ಬಟ್ಟೆ ಕೆಂಪಗಿರಲಿ, ಅದರ ಒಂದು ತುದಿ ಹೊರಗೆ ನೇತಾಡುತ್ತಿರಲಿ. ಇಲ್ಲದಿದ್ದರೆ ಆಗಸ್ಟಿನಲ್ಲಿ ಗಾಡಿ ಯಾಕೆ ಚಾಲೂ ಆಗುತ್ತಿಲ್ಲ ಅಂತ ಮತ್ತೆ ಕಾರ್ಬೋರೇಟರ್ ಬಿಚ್ಚುತ್ತಾ ಕೂರುತ್ತೀರಿ.